ಬಾಡಿಗಿ ಲೆಕ್ಕ

ಎರಡು ಬಾಕ್ಸು, ನಾಕು ಹಾರ್ನು,
ಒಂದು ಆಂಪ್ಲಿಫೈಯರು, ಮೂರು ಮೈಕು.
ಅದರಾಗ ಒಂದರ ಕೊರಳು ಸಡ್ಲ, ಟೇಪು ಸುತ್ತೀನಿ.
ಮಾನ್ವ್ಯಾಗ ಯಾರ ಸಭಾ ಆದರೂ ನನ್ನವೇ ಮೈಕು.
ಹೊಗಳಾವರಿಗೂ ಬೈಯಾವರಿಗೂ ಒಂದೇ ರೇಟು:
ತಾಸಿಗಿ ಮುನ್ನೂರು, ಜನರೇಟರು ಬ್ಯಾರೆ.

ಆವತ್ತು ತಾಲೂಕು ದವಾಖಾನಿ ಸಭಾ.
ಟ್ರಸ್ಟಿಗಿ ಕೊಡಬೇಕು ಅನ್ನಾವರು ಎಡಕ್ಕ ಕುಂತರು,
ಕೊಡಬಾರದು ಅನ್ನಾವರು ಬಲಕ್ಕ.
ನಡುವಿನ ದಾರ್ಯಾಗ ನನ್ನ ವೈರು,
ತುಳದು ತುಳದು ಓಡಾಡಿದರು.

ಮೊದಲು ಎದ್ದಾವ ಸುಧಾರಣಿ ಅಂದ.
ಎರಡನೇದಾವ ಮಾರಾಟ ಅಂದ.
ಮೂರನೇದಾವ ಇಬ್ಬರ ಅಪ್ಪಂದಿರನ್ನೂ ಎಳದು ತಂದ.
ನಿಮ್ಮ ಮನ್ಯಾಗ ಬ್ಯಾನಿ ಬಂದರ ಎಲ್ಲಿಗಿ ಹೋಗ್ತೀರಿ?
ಯಾರೋ ಕೇಳಿದರು.
ಹೈದರಾಬಾದಿಗಿ ಅಂತ ಮತ್ತ್ಯಾರೋ ನಕ್ಕರು.
ಒಂದು ಕುರ್ಚಿ ಮ್ಯಾಲೆದ್ದು ಕೆಳಗ ಬಂತು,
ಪುಣ್ಯಾಕ್ಕ ಖಾಲಿ ಜಾಗದಾಗ.

ಸೌಂಡು ಏರಿಸು ಅಂತ ಇವರು,
ಅವರದು ಇಳಸು ಅಂತ ಅವರು.
ಮೈಕಿನ ಮಾರಿ ಬಾಕ್ಸಿನ ಕಡೆ ತಿರಗಿದರ
ತನ್ನ ದನಿ ತಾನೇ ನುಂಗಿ ಕುಂಯ್ ಅಂತೈತಿ.
ಮೂವತ್ತು ವರ್ಷದಿಂದ ನಾ ಆ ಬ್ಯಾನಿಗಿ ಮದ್ದು ಮಾಡಾಂವ.
ಆವತ್ತು ಬ್ಯಾನಿ ಇದ್ದದ್ದು ಮೈಕಿಗಲ್ಲ.

ಆಮ್ಯಾಲ ಸಿಸ್ಟರ್ ಎಸ್ತರಮ್ಮ ಬಂದಳು.
ಕೈಯಾಗ ಉದ್ದನ್ನ ರಜಿಸ್ಟರು,
ಹರದ ರಟ್ಟಿಗಿ ಹಳೇ ಎಕ್ಸರೇ ಹಚ್ಚಿ ಹೊಲದಿದ್ದಳು;
ಟ್ಯೂಬ್‌ಲೈಟಿನ ಬೆಳಕಿಗಿ ಯಾರದೋ ಪಕ್ಕೆಲುಬು ಕಾಣತಿತ್ತು.
ಭಾಷಣ ಮಾಡಲಿಲ್ಲ ಆಕಿ.
'ರಾಯಚೂರಿಗೆ ಕಳಿಸಲಾಗಿದೆ' ಅನ್ನೋ ಖಾನೆ ಓದಿದಳು.

ಗಂಗಪ್ಪ, ಐವತ್ತು, ಎದಿ ನೋವು. ಆಂಬುಲೆನ್ಸು ಸಿರವಾರದಾಗಿತ್ತು.
ಶಮಶಾದಬೀ, ಇಪ್ಪತ್ತೆರಡು, ಬಾಣಂತಿ. ಕಲ್ಲೂರು ದಾಟಲಿಲ್ಲ.
ತಿಮ್ಮವ್ವನ ಕೂಸು. ಹೆಸರು ಇಟ್ಟಿರಲಿಲ್ಲ.

ನೀ ಯಾರ ಕಡೆಯಾಕಿ? ಎಡದಿಂದ.
ಯಾರು ಬರದು ಕೊಟ್ಟಾರ ನಿನಗ? ಬಲದಿಂದ.
ಅಷ್ಟೊತ್ತಿನ ತನಕ ಒಂದು ಮಾತಿಗೂ ಕೂಡದ ಮಂದಿ
ಕೂಡಿ ಅಂದರು:
ಮೈಕ್ ಬಂದ್ ಮಾಡ್ಲೇ ಮೌಲಾ.

ಬಂದ್ ಮಾಡಿದೆ.

ಹೋದ ಮಳಿಗಾಲ, ನೆಲ್ಲಿನ ಗದ್ದಿ ಬದುವಿನ್ಯಾಗ
ನನ್ನ ಮಗ ರಸೂಲನ ಹಿಮ್ಮಡಕ್ಕ ಹುಳ ಮುಟ್ಟಿತ್ತು.
ರಾತ್ರಿ ಎರಡು. ಡಾಕ್ಟರು ಇಲ್ಲ.
ಇಂಜೆಕ್ಷನ್ನಿನ ಫ್ರಿಜ್ಜಿಗಿ ಕೀಲಿ,
ಕೀಲಿಕೈ ಲಿಂಗಸುಗೂರಿಗಿ ಮದಿವಿಗಿ ಹೋಗಿತ್ತು.
ಇದೇ ಎಸ್ತರಮ್ಮ ಗ್ಲೂಕೋಸ್ ಸ್ಟ್ಯಾಂಡಿಲೆ ಕೀಲಿ ಒಡದಳು.
ಹತ್ತು ಬಾಟ್ಲಿ ಏರಿತು. ಬೆಳಗಾಗೂದಕ್ಕ ಹುಡುಗ ಚಾ ಕೇಳಿದ.
ಸರ್ಕಾರಿ ವಸ್ತು ಒಡದೀರಿ ಅಂತ ಆಕಿಗಿ ನೋಟೀಸು ಬಂತು.

ಆ ರಾತ್ರಿ ಆಕಿ ಕಾಲು ಹಿಡದ ಕೈ
ಇದೇ, ಬಲಗೈ.

ಮೈಕಿನ ಕೆಂಪು ದೀಪ ಆರಿತು.
ಆಕಿ ನನ್ನ ಕಡೆ ನೋಡಲಿಲ್ಲ, ಓದಿದಳು.
ದನಿ ಮೊದಲನೇ ಸಾಲಿನ ತನಕ ಬರತಿತ್ತು.
ಅಲ್ಲಿ ಇದ್ದಾವರು ಹಾರದ ಬುಟ್ಟಿ ಕಾಯೋ ಹುಡುಗ,
ಮತ್ತ ನಾನು.
ಹದಿನಾರು ಹೆಸರು ಎಣಿಸಿದೆ.
ಹದಿನೇಳನೇದು ಚಪ್ಪಾಳ್ಯಾಗ ಹೋತು,
ಯಾರೋ ದೊಡ್ಡಾವರು ಬಾಗಿಲಾಗ ಬಂದಿದ್ದರು.

ಮುಂದಿನ ತಿಂಗಳು ಮತ್ತ ಸಭಾ ಅಂತ ತೀರ್ಮಾನ.
ಅರ್ಧ ರೊಕ್ಕ ಎಡದಾವರು ಕೊಟ್ಟರು, ಅರ್ಧ ಬಲದಾವರು.
ಎರಡೂ ಕಡೆಯಾವರು ಬೆನ್ನು ತಟ್ಟಿ ಅಂದರು:
ನಿನ್ನ ಸೆಟ್ಟು ಭಾರಿ ಕ್ಲಿಯರ್ ಐತಿ ನೋಡು.

ವೈರು ಸುತ್ತಾಕ ರಸೂಲ ಬಂದ.
ಹಿಮ್ಮಡದಾಗ ಎರಡು ಚುಕ್ಕಿ ಇನ್ನೂ ಕರ್ರಗ.
ಅಬ್ಬಾ, ಸಿಸ್ಟರಮ್ಮ ಏನು ಮಾತಾಡಿದಳು?
ಕೇಳಿಸಲಿಲ್ಲಪ್ಪ ಅಂದೆ,
ಕೊರಳು ಸಡ್ಲ ಇದ್ದ ಮೈಕು ಚೀಲದಾಗ ಹಾಕತ.

ರಾತ್ರಿ ಬುಕ್ಕಿನ್ಯಾಗ ಬರದೆ:
ದವಾಖಾನಿ ಸಭಾ, ನಾಕು ತಾಸು,
ಸಾವಿರದ ಇನ್ನೂರು, ಮುಟ್ಟೈತಿ.
ಬಂದ್ ಇದ್ದ ಹತ್ತು ನಿಮಿಷಕ್ಕೂ
ಬಾಡಿಗಿ ಹಿಡದೀನಿ.